ಇಪ್ಪತ್ಮೂರನೇ ಕುರ್ಚಿ: ಐಸ್ ಹಾಕಿಯ ‘ವೇವರ್ಸ್’ ನಿಯಮ ಯಾರನ್ನು ಕಾಯುತ್ತೆ, ಯಾರನ್ನು ಕೈಬಿಡುತ್ತೆ?

ಪ್ರತಿ ವರ್ಷ ಅಕ್ಟೋಬರ್ ಮೊದಲ ವಾರ ಬಂತೆಂದರೆ ಟೊರಾಂಟೊದಲ್ಲಿರುವ ನನ್ನ ಕಾಲೇಜು ಗೆಳೆಯನೊಬ್ಬ ರಾತ್ರಿ ಹನ್ನೊಂದೂವರೆಗೆ ಸರಿಯಾಗಿ ವಾಟ್ಸಾಪ್ ಮಾಡ್ತಾನೆ. ಅಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ. ಮೆಸೇಜಿನಲ್ಲಿ ಬೇರೇನೂ ಇರಲ್ಲ, ಬರೀ ಹೆಸರುಗಳ ಪಟ್ಟಿ. ಒಂದೊಂದು ದಿನ ಇಪ್ಪತ್ತು ಮೂವತ್ತು ಹೆಸರು. ಕೆಳಗೆ ಒಂದು ಸಾಲು: “ನೋಡೋ, ಇವತ್ತು ಇಷ್ಟು ಜನ ಅಂಗಡಿ ಮುಂದೆ.”

ಮೊದಮೊದಲು ನನಗೆ ಇದು ಅರ್ಥವೇ ಆಗ್ತಿರಲಿಲ್ಲ. ಹಾಕಿ ಅಂದ್ರೆ ನಮಗೆ ಕೊಡಗು, ಕುಟುಂಬ ಕುಟುಂಬಗಳ ನಡುವಿನ ಹಾಕಿ ಹಬ್ಬ, ಒಲಿಂಪಿಕ್ಸ್ ಪದಕ. ಇವನು ಹೇಳ್ತಿದ್ದದ್ದು ಮಂಜುಗಡ್ಡೆಯ ಮೇಲಿನ ಹಾಕಿ. ಅಮೆರಿಕ ಮತ್ತು ಕೆನಡಾದ 32 ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್, ಎನ್‌ಎಚ್‌ಎಲ್. ಆ ಪಟ್ಟಿಯಲ್ಲಿದ್ದವರು ಸ್ಟಾರ್‌ಗಳಲ್ಲ. ತಂಡದಲ್ಲಿ ಇದ್ದೂ ಇಲ್ಲದಂತಿರುವವರು, ಅಂಚಿನಲ್ಲಿ ಕೂತವರು. ಅವರನ್ನು ‘ವೇವರ್ಸ್’ಗೆ ಹಾಕಿದ್ದಾರೆ ಅಂದ್ರೆ, ಮುಂದಿನ 24 ಗಂಟೆಯಲ್ಲಿ ಉಳಿದ 31 ತಂಡಗಳಲ್ಲಿ ಯಾವುದು ಬೇಕಾದರೂ ‘ಇವನು ನಮಗಿರಲಿ’ ಅನ್ನಬಹುದು. ಯಾರೂ ಕೇಳದಿದ್ದರೆ ಅವನು ಕೆಳಗಿನ ಲೀಗ್‌ಗೆ ಹೋಗಬೇಕು. ಎರಡರಲ್ಲಿ ಯಾವುದಾಗಬೇಕು ಅಂತ ಆಟಗಾರನನ್ನು ಯಾರೂ ಕೇಳಲ್ಲ.

ಕ್ರೀಡೆಯಲ್ಲಿ ಆಸಕ್ತಿ ಇಲ್ಲದವರೂ ಇದನ್ನು ಓದಬೇಕು ಅಂತ ನನಗನಿಸೋದಕ್ಕೆ ಕಾರಣ ಇದೆ. ವೇವರ್ಸ್ ಶುರುವಾಗಿದ್ದು ಆಟಗಾರನ ಪರವಾದ ನಿಯಮವಾಗಿ. ಶ್ರೀಮಂತ ತಂಡವೊಂದು ಒಳ್ಳೆಯ ಆಟಗಾರರನ್ನೆಲ್ಲ ಕೊಂಡು ಗೋದಾಮಿನಲ್ಲಿ ತುಂಬಿಡಬಾರದು, ಒಂದು ಕಡೆ ಜಾಗ ಇಲ್ಲದವನಿಗೆ ಇನ್ನೊಂದು ಕಡೆ ಜಾಗ ಸಿಗಬೇಕು ಅನ್ನೋದು ಅದರ ಹಿಂದಿನ ಯೋಚನೆ. ಆದರೆ ಅದು ಇವತ್ತು ಕೆಲಸ ಮಾಡೋ ರೀತಿ ನೋಡಿದರೆ, ತಂಡಗಳು ‘ಯಾರು ಚೆನ್ನಾಗಿ ಆಡ್ತಾರೆ’ ಅಂತ ಕೇಳೋ ಬದಲು ‘ಯಾರನ್ನು ಕಳಿಸಿದರೆ ನಮಗೆ ನಷ್ಟ ಇಲ್ಲ’ ಅಂತ ಕೇಳೋದನ್ನು ಕಲಿತಿವೆ.

ಲೆಕ್ಕ ಶುರುವಾಗೋದು 23ರಿಂದ

ಸೀಸನ್ ಶುರುವಾಗುವ ದಿನ ಪ್ರತಿ ತಂಡದಲ್ಲಿ ಗರಿಷ್ಠ 23 ಆಟಗಾರರು ಇರಬಹುದು. ಒಂದು ಪಂದ್ಯಕ್ಕೆ ಜೆರ್ಸಿ ತೊಡೋದು 20 ಜನ. ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್, 2 ಗೋಲ್‌ಕೀಪರ್. ಉಳಿದ ಮೂವರು ಸೂಟು ಹಾಕಿಕೊಂಡು ಮೇಲೆ ಕೂತು ಪಂದ್ಯ ನೋಡ್ತಾರೆ. ಹದಿಮೂರನೇ ಫಾರ್ವರ್ಡ್, ಏಳನೇ ಡಿಫೆನ್ಸ್‌ಮನ್, ಜೊತೆಗೆ ಇನ್ನೊಬ್ಬ. ನಮ್ಮ ಕಥೆಯ ನಾಯಕರು ಇವರೇ.

ಪ್ರತಿ ಎನ್‌ಎಚ್‌ಎಲ್ ತಂಡಕ್ಕೂ ಅಮೆರಿಕನ್ ಹಾಕಿ ಲೀಗ್‌ನಲ್ಲಿ, ಅಂದ್ರೆ ಎಎಚ್‌ಎಲ್‌ನಲ್ಲಿ, ಒಂದು ಅಂಗ ತಂಡ ಇರುತ್ತೆ. ಮೇಲಿನ ತಂಡ ಒಟ್ಟು 50 ಆಟಗಾರರ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. 23 ಮಂದಿ ಮೇಲೆ, ಉಳಿದವರಲ್ಲಿ ಬಹುತೇಕರು ಕೆಳಗೆ. ಮೇಲೆ ಯಾರಿಗಾದರೂ ಗಾಯವಾದರೆ ಕೆಳಗಿನಿಂದ ಕರೆಸ್ತಾರೆ. ಅವನು ಗುಣವಾಗಿ ಬಂದ ದಿನ ಇವನು ವಾಪಸ್.

ಇದರ ಮೇಲೆ ದುಡ್ಡಿನ ಮಿತಿ. 2005ರಿಂದ ಎನ್‌ಎಚ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ. ಮೊದಲ ವರ್ಷ ಅದು 3 ಕೋಟಿ 90 ಲಕ್ಷ ಡಾಲರ್ ಇತ್ತು, 2025-26ಕ್ಕೆ 9 ಕೋಟಿ 55 ಲಕ್ಷ. ಒಂದು ತಂಡ ಎಷ್ಟೇ ಶ್ರೀಮಂತ ಆಗಿದ್ದರೂ ಇದರ ಮೇಲೆ ಹೋಗೋ ಹಾಗಿಲ್ಲ. ನಾಲ್ಕೈದು ಸ್ಟಾರ್‌ಗಳಿಗೆ ಅರ್ಧ ದುಡ್ಡು ಹೋಗಿಬಿಟ್ಟರೆ ಉಳಿದ ಕುರ್ಚಿಗಳನ್ನು ಕನಿಷ್ಠ ಸಂಬಳದವರಿಂದ ತುಂಬಬೇಕು. ಆ ಕನಿಷ್ಠ ಸಂಬಳ 2025-26ರಲ್ಲಿ 7,75,000 ಡಾಲರ್.

‘ಕನಿಷ್ಠ ಸಂಬಳವೇ ಆರೂವರೆ ಕೋಟಿ ರೂಪಾಯಿ, ಇವರಿಗೆಂಥಾ ಕಷ್ಟ?’ ಅಂತ ನೀವು ಕೇಳಬಹುದು. ನಾನೂ ಗೆಳೆಯನನ್ನು ಇದನ್ನೇ ಕೇಳಿದ್ದೆ. ಉತ್ತರ ಒಪ್ಪಂದದ ಇನ್ನೊಂದು ಸಾಲಿನಲ್ಲಿದೆ. ಅಂಚಿನ ಆಟಗಾರರಲ್ಲಿ ಅನೇಕರದು ‘ಟೂ-ವೇ’ ಒಪ್ಪಂದ. ಮೇಲಿದ್ದ ದಿನಕ್ಕೆ ಒಂದು ದರ, ಕೆಳಗಿದ್ದ ದಿನಕ್ಕೆ ಇನ್ನೊಂದು ದರ. ಒಬ್ಬನಿಗೆ ಮೇಲೆ 7,75,000, ಕೆಳಗೆ 85,000 ಡಾಲರ್ ಅಂತ ಒಪ್ಪಂದವಾಗಿದೆ ಅಂದ್ಕೊಳ್ಳಿ. ಸೀಸನ್ ಸುಮಾರು 190 ದಿನ. ಮೇಲಿದ್ದರೆ ದಿನಕ್ಕೆ ಸುಮಾರು 4,080 ಡಾಲರ್, ಕೆಳಗಿದ್ದರೆ 447. ಡಾಲರಿಗೆ 85 ರೂಪಾಯಿ ಲೆಕ್ಕ ಹಿಡಿದರೂ ದಿನಕ್ಕೆ ಮೂರೂವರೆ ಲಕ್ಷ ಒಂದು ಕಡೆ, 38 ಸಾವಿರ ಇನ್ನೊಂದು ಕಡೆ. ಆಟ ಅದೇ, ಮೊಣಕಾಲು ಅದೇ. ಬೆಳಗ್ಗೆ ಬಂದ ಒಂದು ಫೋನಿನಲ್ಲಿ ಅವತ್ತಿನ ಕೂಲಿ ಒಂಬತ್ತು ಪಟ್ಟು ಇಳಿಯುತ್ತೆ. ಮೂವತ್ತೆರಡು ಮೂವತ್ತಮೂರಕ್ಕೆ ಮುಗಿಯೋ ವೃತ್ತಿ ಇದು, ಅದನ್ನೂ ಸೇರಿಸಿಕೊಳ್ಳಿ.

‘ಒನ್-ವೇ’ ಒಪ್ಪಂದ ಇದ್ದವನಿಗೆ ಎಲ್ಲಿದ್ದರೂ ಅದೇ ಸಂಬಳ. ಇಲ್ಲೊಂದು ತಪ್ಪು ತಿಳಿವಳಿಕೆ ಅಲ್ಲಿನ ಅಭಿಮಾನಿಗಳಲ್ಲೂ ಇದೆ. ಟೂ-ವೇ ಇದ್ದವನನ್ನು ಸುಮ್ಮನೆ ಕೆಳಗೆ ಕಳಿಸಬಹುದು, ಒನ್-ವೇ ಇದ್ದವನಿಗೆ ವೇವರ್ಸ್ ಬೇಕು ಅಂತ. ಹಾಗಿಲ್ಲ. ಒನ್-ವೇ, ಟೂ-ವೇ ಬರೀ ಸಂಬಳದ ವಿಷಯ. ವೇವರ್ಸ್ ಬೇಕೋ ಬೇಡವೋ ಅನ್ನೋದು ವಯಸ್ಸು ಮತ್ತು ಅನುಭವದ ವಿಷಯ.

ಚೆನ್ನಾಗಿ ಆಡಿದ ಹುಡುಗ ಯಾಕೆ ಕೆಳಗೆ ಹೋದ?

18ನೇ ವಯಸ್ಸಿನಲ್ಲಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ ಆಟಗಾರನಿಗೆ 5 ವರ್ಷ ಅಥವಾ 160 ಎನ್‌ಎಚ್‌ಎಲ್ ಪಂದ್ಯ, ಯಾವುದು ಮೊದಲೋ ಅಲ್ಲಿಯತನಕ ವೇವರ್ಸ್‌ನಿಂದ ವಿನಾಯ್ತಿ. ಗೋಲ್‌ಕೀಪರ್ ಆದರೆ 6 ವರ್ಷ ಅಥವಾ 80 ಪಂದ್ಯ. ಸಹಿ ಹಾಕಿದ ವಯಸ್ಸು ಹೆಚ್ಚಿದಷ್ಟೂ ಈ ಅವಧಿ ಕಡಿಮೆ. 25 ದಾಟಿ ಬಂದವನಿಗೆ ಒಂದೇ ವರ್ಷ. ಹದಿಹರೆಯದಲ್ಲೇ ಮೇಲೆ ಆಡಿಬಿಟ್ಟರೆ ಅವಧಿ ಮೊಟಕಾಗುತ್ತೆ ಅನ್ನೋ ಒಳಲೆಕ್ಕವೂ ಇದೆ, ಅದನ್ನು ಬಿಡೋಣ.

‘ವಿನಾಯ್ತಿ’ ಅನ್ನೋ ಪದ ಕೇಳಲು ಚೆನ್ನಾಗಿದೆ. ಆದರೆ ಇಲ್ಲಿ ವಿನಾಯ್ತಿ ಸಿಕ್ಕಿರೋದು ತಂಡಕ್ಕೆ. ವಿನಾಯ್ತಿಯಲ್ಲಿರುವ ಹುಡುಗನನ್ನು ಬೇರೆ ಯಾವ ತಂಡವೂ ಕೇಳೋ ಹಾಗಿಲ್ಲ. ಅವನನ್ನು ಸೋಮವಾರ ಮೇಲೆ, ಬುಧವಾರ ಕೆಳಗೆ, ಶುಕ್ರವಾರ ಮತ್ತೆ ಮೇಲೆ ಅಂತ ಓಡಾಡಿಸಬಹುದು.

ಒಂದು ಕಲ್ಪಿತ ತಂಡ ತಗೊಳ್ಳಿ. 24 ಜನ ಉಳಿದಿದ್ದಾರೆ, ಒಬ್ಬನನ್ನು ತೆಗೀಬೇಕು. ಮೂವರ ಮೇಲೆ ಕಣ್ಣು. ಮೊದಲನೆಯವನಿಗೆ 21 ವರ್ಷ, ಅಭ್ಯಾಸ ಪಂದ್ಯಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ್ದಾನೆ, ವಿನಾಯ್ತಿ ಇದೆ. ಎರಡನೆಯವನಿಗೆ 26, ಸಾಧಾರಣ ಆಟ, ಕನಿಷ್ಠ ಸಂಬಳ, ವೇವರ್ಸ್ ಬೇಕು. ಮೂರನೆಯವನಿಗೆ 34, ಕಾಲು ನಿಧಾನ ಆಗಿದೆ, ಸಂಬಳ 20 ಲಕ್ಷ ಡಾಲರ್, ಅವನಿಗೂ ವೇವರ್ಸ್ ಬೇಕು.

ಆಟ ನೋಡಿ ನಿರ್ಧರಿಸೋದಾದರೆ ಮೂರನೆಯವನು ಹೋಗಬೇಕು. ಆದರೆ ಮ್ಯಾನೇಜರ್ ಹೀಗೆ ಯೋಚಿಸ್ತಾನೆ: ಎರಡನೆಯವನನ್ನು ವೇವರ್ಸ್‌ಗೆ ಹಾಕಿದರೆ ಅಗ್ಗದ ಸಂಬಳ ನೋಡಿ ಯಾರಾದರೂ ಎತ್ಕೊಂಡು ಹೋಗ್ತಾರೆ, ನನಗೆ ಪ್ರತಿಯಾಗಿ ಏನೂ ಬರಲ್ಲ. ಮೂರನೆಯವನನ್ನು ಯಾರೂ ಮುಟ್ಟಲ್ಲ, ಆದರೆ ಅವನನ್ನು ಕೆಳಗೆ ಕಳಿಸಿದರೂ ಕ್ಯಾಪ್ ಲೆಕ್ಕದಲ್ಲಿ ಪೂರ್ತಿ ಬಿಡುಗಡೆ ಇಲ್ಲ. ಕನಿಷ್ಠ ಸಂಬಳಕ್ಕೆ 3,75,000 ಸೇರಿಸಿದಷ್ಟು, ಅಂದ್ರೆ 11,50,000 ಡಾಲರ್ ಮಾತ್ರ ಕಳೆಯುತ್ತೆ, ಉಳಿದ 8,50,000 ತಲೆ ಮೇಲೇ ಇರುತ್ತೆ. ಮೊದಲನೆಯವನನ್ನು ಕಳಿಸಿದರೆ? ಖರ್ಚಿಲ್ಲ, ನಷ್ಟವಿಲ್ಲ, ಬೇಕಾದಾಗ ವಾಪಸ್ ಕರೆಸಬಹುದು. ಆ ಹುಡುಗ ಕೆಳಗೆ ಹೋಗ್ತಾನೆ. ಪತ್ರಿಕಾಗೋಷ್ಠಿಯಲ್ಲಿ ‘ಅವನು ಇನ್ನೂ ಸ್ವಲ್ಪ ಪಳಗಬೇಕು’ ಅಂತಾರೆ.

ನಾನು ಇಂಜಿನಿಯರಿಂಗ್ ಓದಿದವನು, ಆಪ್ಟಿಮೈಸೇಷನ್ ಅನ್ನೋ ಪೇಪರನ್ನು ಹೇಗೋ ಪಾಸು ಮಾಡಿದವನು. ಈ ಲೆಕ್ಕ ಮೊದಲ ಸಲ ಬಿಡಿಸಿದಾಗ ಖುಷಿಯೇ ಆಗಿತ್ತು. ಖುಷಿ ಇಳಿದಿದ್ದು ನನ್ನ ಮೊದಲ ಕೆಲಸ ನೆನಪಾದಾಗ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಎರಡೂವರೆ ತಿಂಗಳು ‘ಬೆಂಚ್’ ಮೇಲಿದ್ದೆ. ಪ್ರಾಜೆಕ್ಟ್ ಇಲ್ಲ, ದಿನಾ ಹೋಗಿ ಕೂರಬೇಕು. ನನ್ನ ಜೊತೆ ಬೆಂಚಿನಲ್ಲಿದ್ದ ಹುಡುಗಿ ನಮ್ಮ ಬ್ಯಾಚಿನಲ್ಲೇ ಒಳ್ಳೆಯ ಪ್ರೋಗ್ರಾಮರ್. ಪಕ್ಕದ ವಿಭಾಗದವರು ಅವಳನ್ನು ಕೇಳಿದರು, ನಮ್ಮ ಮ್ಯಾನೇಜರ್ ಬಿಡಲಿಲ್ಲ. ‘ಮುಂದೆ ಬೇಕಾಗಬಹುದು.’ ಅಷ್ಟೇ ಕಾರಣ. ಅವತ್ತು ವೇವರ್ಸ್‌ನಂಥ ನಿಯಮ ಒಂದಿದ್ದಿದ್ದರೆ ಅವಳು 24 ಗಂಟೆಯಲ್ಲಿ ಕೆಲಸಕ್ಕೆ ಹೋಗಿರ್ತಿದ್ದಳು. ಅದಕ್ಕೇ ಈ ನಿಯಮವನ್ನು ನಾನು ಸಾರಾಸಗಟಾಗಿ ಬೈಯೋಕೆ ತಯಾರಿಲ್ಲ.

ಕೇಳಿದವರಿಗೆ ಸಿಕ್ಕಿದ್ದು

ಬೈಯಬಾರದು ಅನ್ನೋಕೆ ಅತ್ಯುತ್ತಮ ಉದಾಹರಣೆ ಗುಸ್ತಾವ್ ಫೋರ್ಸ್‌ಲಿಂಗ್. ಸ್ವೀಡನ್ನಿನ ಡಿಫೆನ್ಸ್‌ಮನ್. ಕೆರೊಲಿನಾ ಹರಿಕೇನ್ಸ್ ತಂಡದಲ್ಲಿದ್ದಾಗ 2019-20ರ ಇಡೀ ಸೀಸನ್ ಕೆಳಗಿನ ಲೀಗ್‌ನಲ್ಲೇ ಕಳೆದ. 2021ರ ಜನವರಿಯಲ್ಲಿ ಕೆರೊಲಿನಾ ಅವನನ್ನು ವೇವರ್ಸ್‌ಗೆ ಹಾಕಿತು. ಫ್ಲಾರಿಡಾ ಪ್ಯಾಂಥರ್ಸ್ ಕೇಳಿತು. ಅದೇ ಫ್ಲಾರಿಡಾ 2024ರಲ್ಲಿ, ಮತ್ತೆ 2025ರಲ್ಲಿ ಸ್ಟಾನ್ಲಿ ಕಪ್ ಗೆದ್ದಾಗ ಅವನು ಆ ತಂಡದ ಪ್ರಮುಖ ರಕ್ಷಣಾ ಆಟಗಾರ. 2024ರಲ್ಲಿ ಅವನು ಸಹಿ ಹಾಕಿದ್ದು 8 ವರ್ಷಕ್ಕೆ 4 ಕೋಟಿ 60 ಲಕ್ಷ ಡಾಲರ್ ಒಪ್ಪಂದಕ್ಕೆ. ವೇವರ್ಸ್ ಇಲ್ಲದಿದ್ದರೆ ಅವನು ಕೆಳಗಿನ ಲೀಗ್‌ನಲ್ಲೇ ಇನ್ನಷ್ಟು ವರ್ಷ ಕಳೆದು ಸ್ವೀಡನ್ನಿಗೆ ವಾಪಸ್ ಹೋಗಿರ್ತಿದ್ದನೋ ಏನೋ.

ಈಲಿ ಟೋಲ್ವನೆನ್‌ದೂ ಇದೇ ಥರ. ನ್ಯಾಶ್‌ವಿಲ್ ತಂಡ 2017ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಫಿನ್ಲೆಂಡಿನ ಹುಡುಗ, 2022ರ ಡಿಸೆಂಬರ್‌ನಲ್ಲಿ ವೇವರ್ಸ್‌ಗೆ ಬಂದ. ಸಿಯಾಟಲ್ ಕರೆದುಕೊಂಡಿತು. ಆ ಸೀಸನ್‌ನಲ್ಲಿ ಅವನು ಸಿಯಾಟಲ್ ಪರ 48 ಪಂದ್ಯಗಳಲ್ಲಿ 16 ಗೋಲು ಹೊಡೆದ. ಇನ್ನೂ ಹಿಂದೆ ಹೋದರೆ ಮೈಕೆಲ್ ಗ್ರಾಬ್ನರ್: 2010ರ ಅಕ್ಟೋಬರ್‌ನಲ್ಲಿ ಫ್ಲಾರಿಡಾ ಬೇಡ ಅಂದಿದ್ದನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್ ತಗೊಂಡಿತು, ಆ ವರ್ಷ 34 ಗೋಲು.

ಈಗ ಪಟ್ಟಿಯ ಇನ್ನೊಂದು ತುದಿ ನೋಡಿ. 2006ರ ಜನವರಿ ಕೊನೆ, ಫೆಬ್ರುವರಿ ಶುರುವಿನಲ್ಲಿ ಕ್ರೇಗ್ ಆಂಡರ್ಸನ್ ಅನ್ನೋ ಗೋಲ್‌ಕೀಪರನನ್ನು ಶಿಕಾಗೊದಿಂದ ಬಾಸ್ಟನ್ ತಗೊಂಡಿತು. ಬಾಸ್ಟನ್ ವೇವರ್ಸ್‌ಗೆ ಹಾಕಿತು, ಸೇಂಟ್ ಲೂಯಿಸ್ ತಗೊಂಡಿತು. ಅವರೂ ಹಾಕಿದರು, ಶಿಕಾಗೊ ಮತ್ತೆ ತಗೊಂಡಿತು. ಎರಡೇ ವಾರದಲ್ಲಿ ಮೂರು ಊರು ಸುತ್ತಿ ಹೊರಟಲ್ಲಿಗೇ ಬಂದ, ಮಧ್ಯದ ಎರಡೂ ತಂಡಗಳಿಗೆ ಒಂದು ಪಂದ್ಯವನ್ನೂ ಆಡದೆ. ಆಮೇಲೆ ಅವನು 2023ರ ತನಕ ಎನ್‌ಎಚ್‌ಎಲ್‌ನಲ್ಲಿ ಆಡಿದ, 700ಕ್ಕೂ ಹೆಚ್ಚು ಪಂದ್ಯ. ಯಾರೂ ಇಟ್ಟುಕೊಳ್ಳೋಕೆ ತಯಾರಿಲ್ಲದ ಆಟಗಾರ ಅಂತ ಆ ಎರಡು ವಾರದಲ್ಲಿ ಅನಿಸಿದ್ದು ಅವನ ಆಟದ ಬಗ್ಗೆ ಏನನ್ನೂ ಹೇಳ್ತಿರಲಿಲ್ಲ, ತಂಡಗಳಲ್ಲಿ ಮೂರನೇ ಗೋಲ್‌ಕೀಪರನಿಗೆ ಕುರ್ಚಿ ಇಲ್ಲ ಅನ್ನೋದನ್ನಷ್ಟೇ ಹೇಳ್ತಿತ್ತು.

ಇವರೆಲ್ಲ ಹೆಸರಾದವರು. ಪಟ್ಟಿಯಲ್ಲಿ ಬರೋ ಬಹುಪಾಲು ಮಂದಿಯನ್ನು ಯಾರೂ ಕೇಳಲ್ಲ. ಅದಕ್ಕೆ ‘ಕ್ಲಿಯರ್ ಆದ’ ಅಂತಾರೆ. ಕೇಳಬೇಕಾದರೆ ಕೇಳೋ ತಂಡದ ಹತ್ತಿರ 23ರಲ್ಲಿ ಜಾಗ ಬೇಕು, 50 ಒಪ್ಪಂದಗಳಲ್ಲಿ ಜಾಗ ಬೇಕು, ಕ್ಯಾಪ್‌ನಲ್ಲಿ ಜಾಗ ಬೇಕು. ಕರೆದುಕೊಂಡ ಮೇಲೆ ಅವನನ್ನು ಮೇಲೇ ಇಟ್ಟುಕೊಳ್ಳಬೇಕು, ಕೆಳಗೆ ಕಳಿಸಬೇಕಂದ್ರೆ ಮತ್ತೆ ವೇವರ್ಸ್‌ಗೆ ಹಾಕಬೇಕು. ಹಾಗಾಗಿ ಜಾಣ ಮ್ಯಾನೇಜರ್‌ಗಳು ತಮ್ಮ ಆಟಗಾರರನ್ನು ಅಕ್ಟೋಬರ್ ಮೊದಲ ವಾರದ ಗದ್ದಲದಲ್ಲೇ ಹಾಕ್ತಾರೆ. ಅವತ್ತು ಎಲ್ಲರ ಮನೆಯೂ ತುಂಬಿರುತ್ತೆ, ಎಲ್ಲರೂ ಹೊರಗೆ ಹಾಕೋದರಲ್ಲೇ ಇರ್ತಾರೆ. ಸಂತೆಯಲ್ಲಿ ಬಚ್ಚಿಟ್ಟ ಹಾಗೆ. ಅದೇ ಆಟಗಾರನನ್ನು ಡಿಸೆಂಬರ್‌ನಲ್ಲಿ, ಗಾಯಾಳುಗಳಿಂದ ನಾಲ್ಕಾರು ತಂಡಗಳು ಸೊರಗಿರೋ ಹೊತ್ತಲ್ಲಿ ಹಾಕಿದರೆ ಬೇರೆಯವರ ಪಾಲಾಗೋ ಸಾಧ್ಯತೆ ಜಾಸ್ತಿ.

ಒಬ್ಬನಿಗಾಗಿ ಎರಡು ತಂಡ ಕೇಳಿದರೆ ಅಂಕಪಟ್ಟಿಯಲ್ಲಿ ಕೆಳಗಿರುವ ತಂಡಕ್ಕೆ ಮೊದಲ ಹಕ್ಕು. ಅಕ್ಟೋಬರ್ ಮುಗಿಯೋ ತನಕ ಹಿಂದಿನ ವರ್ಷದ ಅಂಕಪಟ್ಟಿ, ನವೆಂಬರ್ 1ರಿಂದ ಈ ವರ್ಷದ್ದು. ಒಮ್ಮೆ ಕ್ಲಿಯರ್ ಆದವನು ಮತ್ತೆ ಮೇಲೆ ಬಂದು ಒಟ್ಟು 30 ದಿನ ಇದ್ದರೆ ಅಥವಾ 10 ಪಂದ್ಯ ಆಡಿದರೆ, ಅವನನ್ನು ಕೆಳಗೆ ಕಳಿಸೋಕೆ ಹೊಸದಾಗಿ ವೇವರ್ಸ್ ಬೇಕು. ಅದರೊಳಗಾದರೆ ಬೇಡ. ಇಪ್ಪತ್ತೊಂಬತ್ತನೇ ದಿನ, ಒಂಬತ್ತನೇ ಪಂದ್ಯ ಆದಮೇಲೆ ಕೆಲವರು ಕಾಣೆಯಾಗೋದು ಇದಕ್ಕೇ. ನಮ್ಮಲ್ಲಿ ಗುತ್ತಿಗೆ ನೌಕರರಿಗೆ ಹನ್ನೊಂದು ತಿಂಗಳಿಗೆ ಒಂದು ‘ಬ್ರೇಕ್’ ಕೊಟ್ಟು ಮತ್ತೆ ಸೇರಿಸಿಕೊಳ್ಳೋದನ್ನು ನೋಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಬೇಡ ಅನ್ನೋ ಹಕ್ಕು ಯಾರಿಗಿದೆ

2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ವೇಡ್ ರೆಡನ್ ಅನ್ನೋ ಹಿರಿಯ ಡಿಫೆನ್ಸ್‌ಮನ್‌ನನ್ನು ವೇವರ್ಸ್‌ಗೆ ಹಾಕಿತು. ವರ್ಷಕ್ಕೆ ಸರಾಸರಿ 65 ಲಕ್ಷ ಡಾಲರ್ ಒಪ್ಪಂದ, ಆಟ ಇಳಿದಿತ್ತು, ಯಾರೂ ಕೇಳಲಿಲ್ಲ. ಆಗಿನ ನಿಯಮದಲ್ಲಿ ಕೆಳಗೆ ಹೋದವನ ಸಂಬಳ ಕ್ಯಾಪ್ ಲೆಕ್ಕಕ್ಕೆ ಬರ್ತಿರಲಿಲ್ಲ. ಶ್ರೀಮಂತ ತಂಡ ಸಂಬಳ ಕೊಟ್ಕೊಂಡೇ ಅವನನ್ನು ಎರಡು ಸೀಸನ್ ಕೆಳಗಿನ ಲೀಗ್‌ನಲ್ಲಿ ಹೂತಿಟ್ಟಿತು. ಮತ್ತೆ ಮೇಲೆ ತರೋಣ ಅಂದರೂ ಆಗ ‘ರೀ-ಎಂಟ್ರಿ’ ವೇವರ್ಸ್ ಅಂತ ಇನ್ನೊಂದು ಗೇಟು. ಅಲ್ಲಿ ಬೇರೆ ತಂಡ ಕೇಳಿದರೆ ಅರ್ಧ ಸಂಬಳ ಹಳೆಯ ತಂಡದ ತಲೆಗೆ. ಹಾಗಾಗಿ ಮೇಲೆ ತರೋ ಮಾತೇ ಇಲ್ಲ. 2012-13ರ ಲಾಕ್‌ಔಟ್ ನಂತರದ ಹೊಸ ಒಪ್ಪಂದದಲ್ಲಿ ಎರಡನ್ನೂ ಬದಲಿಸಿದರು: ರೀ-ಎಂಟ್ರಿ ಹೋಯ್ತು, ಹೂತಿಟ್ಟ ಸಂಬಳದ ದೊಡ್ಡ ಪಾಲು ಕ್ಯಾಪ್‌ಗೆ ಬಂತು. ಮೇಲೆ ಹೇಳಿದ 11,50,000ದ ಲೆಕ್ಕ ಹುಟ್ಟಿದ್ದು ಅಲ್ಲಿಂದಲೇ.

ಗಮನಿಸಿ, ಇದು ಮಾಲೀಕರ ಔದಾರ್ಯದಿಂದ ಬಂದಿದ್ದಲ್ಲ. 1967ರಲ್ಲಿ ಹುಟ್ಟಿದ ಆಟಗಾರರ ಸಂಘ ಮೇಜಿನ ಆ ಕಡೆ ಕೂತು ಮಾತಾಡಿದ ಒಪ್ಪಂದದ ಭಾಗ. ಎಷ್ಟು ದಿನ, ಎಷ್ಟು ಪಂದ್ಯ, ಎಷ್ಟು ಡಾಲರ್ ಎಲ್ಲವೂ ಬರಹದಲ್ಲಿದೆ, ಎಲ್ಲರಿಗೂ ಗೊತ್ತಿದೆ. ನಮ್ಮ ಐಪಿಎಲ್‌ನಲ್ಲಿ 25 ಜನರ ತಂಡದಲ್ಲಿ ಇಡೀ ಸೀಸನ್ ನೀರಿನ ಬಾಟಲಿ ಹೊತ್ತ ಹುಡುಗನನ್ನು ‘ನಮಗೆ ಕೊಡಿ, ನಾವು ಆಡಿಸ್ತೀವಿ’ ಅಂತ ಇನ್ನೊಂದು ತಂಡ ಹಕ್ಕಿನಿಂದ ಕೇಳೋಕಾಗಲ್ಲ. ಕೇಳುವಂಥ ನಿಯಮ ಬೇಕು ಅಂತ ಪಟ್ಟು ಹಿಡಿಯೋಕೆ ಅಲ್ಲಿ ಸಂಘವೂ ಇಲ್ಲ. ಬಿಸಿಸಿಐ ಮಾನ್ಯ ಮಾಡಿರೋ ಕ್ರಿಕೆಟಿಗರ ಸಂಘ ಇರೋದು ನಿವೃತ್ತರಿಗೆ.

ಆದರೆ ಎನ್‌ಎಚ್‌ಎಲ್‌ನ ಸಂಘವೂ ಎಲ್ಲರನ್ನೂ ಒಂದೇ ಥರ ಕಾಯಲ್ಲ. ದೊಡ್ಡ ಆಟಗಾರರ ಒಪ್ಪಂದದಲ್ಲಿ ‘ನೋ-ಮೂವ್’ ಅನ್ನೋ ಕಲಂ ಇರುತ್ತೆ. ಅವರ ಒಪ್ಪಿಗೆ ಇಲ್ಲದೆ ವೇವರ್ಸ್‌ಗೆ ಹಾಕೋಕೇ ಬರಲ್ಲ. ಅದನ್ನು ಚೌಕಾಸಿ ಮಾಡಿ ಬರೆಸಿಕೊಳ್ಳೋ ತಾಕತ್ತು ಇರೋದು ಯಾರನ್ನೂ ವೇವರ್ಸ್‌ಗೆ ಹಾಕೋ ಯೋಚನೆಯೇ ಬರದಂಥವರಿಗೆ. ಯಾರಿಗೆ ಅದು ನಿಜವಾಗಿ ಬೇಕೋ ಅವರಿಗೆ ಸಿಗಲ್ಲ.

ಬೇಡ ಅಂದವರೂ ಇದ್ದಾರೆ. ಗೋಲ್‌ಕೀಪರ್ ಎವ್ಗೆನಿ ನಬೊಕೋವ್ 2011ರ ಜನವರಿಯಲ್ಲಿ ರಷ್ಯಾದ ಲೀಗ್ ಬಿಟ್ಟು ಬಂದು ಡೆಟ್ರಾಯ್ಟ್ ಜೊತೆ ಸಹಿ ಹಾಕಿದ. ಸೀಸನ್ ನಡುವೆ ಯುರೋಪಿನಿಂದ ಬಂದವರು ವೇವರ್ಸ್ ದಾಟಬೇಕು ಅನ್ನೋ ನಿಯಮ. ಅಂಕಪಟ್ಟಿಯ ತಳದಲ್ಲಿದ್ದ ಐಲ್ಯಾಂಡರ್ಸ್ ಕೇಳಿಬಿಟ್ಟಿತು. ನಾನು ಬರಲ್ಲ ಅಂದ. ಅವನನ್ನು ಸಸ್ಪೆಂಡ್ ಮಾಡಿದರು, ಅಷ್ಟೇ ಅಲ್ಲ, ಆ ಒಪ್ಪಂದವನ್ನೇ ಮುಂದಿನ ವರ್ಷಕ್ಕೆ ಎಳೆದರು. ಕೊನೆಗೆ ಅವನು ಐಲ್ಯಾಂಡರ್ಸ್‌ಗೇ ಆಡಿದ. ಹತ್ತು ವರ್ಷ ಸ್ಯಾನ್ ಹೊಸೆಯ ಗೋಲು ಕಾದ ಹೆಸರಾಂತ ಗೋಲ್‌ಕೀಪರನ ಕಥೆ ಇದು. ಹದಿಮೂರನೇ ಫಾರ್ವರ್ಡ್ ಬೇಡ ಅಂದರೆ ಏನಾಗುತ್ತೆ ಅಂತ ನೀವೇ ಊಹಿಸಿ.

ನನ್ನ ಅಭಿಪ್ರಾಯ ಕೇಳಿದರೆ, ವೇವರ್ಸ್ ಇರಬೇಕು, ವಿನಾಯ್ತಿಯ ವರ್ಷಗಳು ಇಳಿಯಬೇಕು. ಐದು ವರ್ಷ ಅಂದ್ರೆ ಈ ವೃತ್ತಿಯಲ್ಲಿ ಬಹಳ. ಕ್ಯಾಪ್ ದಿನದ ಲೆಕ್ಕದಲ್ಲಿ ಓಡುತ್ತೆ ಅಂತ, ಪಂದ್ಯ ಇಲ್ಲದ ಎರಡು ದಿನಕ್ಕೆ ಹುಡುಗರನ್ನು ಬರೀ ಕಾಗದದ ಮೇಲೆ ಕೆಳಗೆ ಕಳಿಸಿ ದುಡ್ಡು ಉಳಿಸೋ ಚಾಳಿಯೂ ಬೆಳೆದಿತ್ತು. ಹುಡುಗ ಊರು ಬಿಟ್ಟು ಕದಲಿರಲ್ಲ, ಸಂಬಳ ಮಾತ್ರ ಕೆಳಗಿಳಿದಿರುತ್ತೆ. 2025ರ ಮಾತುಕತೆಯಲ್ಲಿ ಈ ಕಾಗದದಾಟಕ್ಕೆ ಕಡಿವಾಣ ಹಾಕೋಕೆ ಲೀಗ್ ಮತ್ತು ಸಂಘ ಒಪ್ಪಿವೆ. ವಿನಾಯ್ತಿಯ ವರ್ಷಗಳ ವಿಷಯಕ್ಕೆ ಸಂಘ ಅಷ್ಟು ಬಲವಾಗಿ ನಿಲ್ಲುತ್ತೆ ಅಂತ ನನಗನಿಸಲ್ಲ. ಯಾಕಂದ್ರೆ ಆ ಹುಡುಗ ಕೆಳಗೆ ಹೋದರೆ ಮೇಲೆ ಉಳಿಯೋ 34ರವನೂ ಅದೇ ಸಂಘದ ಸದಸ್ಯ, ಹತ್ತು ವರ್ಷದಿಂದ ಚಂದಾ ಕಟ್ಟಿರೋನು.

ಮೊನ್ನೆ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ತನ್ನ ತಂಡದ ಏಳನೇ ಡಿಫೆನ್ಸ್‌ಮನ್ ಬಗ್ಗೆ ತಲೆ ಕೆಡಿಸಿಕೊಂಡಿದ್ದ. “ಇಪ್ಪತ್ತೇಳು ದಿನ ಆಯ್ತು ಮಾರಾಯ, ಅವನು ಮೇಲೆ ಬಂದು,” ಅಂದ. “ಇನ್ನೆರಡು ದಿನದಲ್ಲಿ ಯಾವನಿಗಾದ್ರೂ ಗಾಯ ಆಗದಿದ್ರೆ ಇವನು ಹೊರಟ.”